ಜೋಡಿಕೂಳಿ ಮಡು

ಹೊಳೆ ಕಾಡಿನೊಳಗೆ ನುಗ್ಗಿ ಮೊಣಕೈಯಂತೆ ಮಡಚುವಲ್ಲಿ ಜೋಡಿಕೂಳಿ ಮಡುವಿದೆ. ಎರಡೂ ದಡದ ಹೊಳೆಮತ್ತಿ ಮರಗಳು ನೀರಿನ ಮೇಲೆ ಬಾಗಿ ನಡುಹಗಲನ್ನೂ ಸಂಜೆ ಮಾಡಿಬಿಟ್ಟಿವೆ. ಅಲ್ಲಿ ಹೆಮ್ಮಿಂಚುಳ್ಳಿಯ ವಾಸ. ಪಾರಿವಾಳದಷ್ಟು ದಪ್ಪ, ಕಂದು ತಲೆ, ನೀಲಿ ರೆಕ್ಕೆ, ಅರಿಸಿನ ಬಳಿದಂಥ ಹೊಟ್ಟೆ. ಕೆಂಪು ಕೊಕ್ಕಂತೂ ಮೈಗೆ ಮೀರಿದ್ದು. ಇಷ್ಟು ಬಣ್ಣ ಹೊತ್ತೂ ಅದು ಎಲೆಮರೆಯಲ್ಲಿ ಅಲುಗದೆ ಕೂತರೆ ಕಣ್ಣಿದ್ದವರಿಗೂ ಕಾಣದು.

ಹಿಂದೆ ಒಮ್ಮೆ ಈ ದಡದಲ್ಲಿ ಬೆಸ್ತರ ಕೇರಿಯೊಂದಿತ್ತು ಎನ್ನುತ್ತಾರೆ. ಮೀನು ಹಿಡಿಯಲು ಹೆಣೆದ ಬಿದಿರ ಬುಟ್ಟಿಗೆ, ಅಂದರೆ ಕೂಳಿಗೆ, ಬಿದ್ದ ಮೀನನ್ನು ಅವರು ದಡದ ತೆಳುನೀರಿನಲ್ಲಿ ಬೇಲಿ ಹೆಣೆದು ಜೀವಂತ ಬಿಡುತ್ತಿದ್ದರು. ಸಂಜೆ ಎಲ್ಲ ಮನೆಗೂ ಸಮಪಾಲು. ಪಾಲಿನ ಮೀನು ಕದ್ದವರ ಕೂಳಿಯನ್ನು ಮರಕ್ಕೆ ತಲೆಕೆಳಗಾಗಿ ಕಟ್ಟುವುದು ಕೇರಿಯ ಕಟ್ಟಳೆ. ಆಮೇಲೆ ಆ ಮನೆಗೆ ನೆರೆಯವರ ಒಲೆಯ ಬೆಂಕಿಯಿಲ್ಲ, ಪಾಲಿಲ್ಲ. ಒಂದು ಬೇಸಿಗೆ ಬೇಲಿಯ ಮೀನು ದಿನದಿನಕ್ಕೂ ಕಡಿಮೆಯಾಗತೊಡಗಿತು. ಯಜಮಾನ ಬೋರಲಿಂಗ ಹುಡುಕುತ್ತ ಹೋದರೆ, ವಿಧವೆ ಮಾಳವ್ವ ಕೂಳಿ ಹೆಣೆಯಲು ಕೂರುವ ಮತ್ತಿಯ ಬುಡದಲ್ಲಿ ಮೀನಿನ ಹುರುಪೆ ಚೆಲ್ಲಾಡಿತ್ತು. ಮೇಲೊಂದು ದೊಡ್ಡ ಮಿಂಚುಳ್ಳಿ ಕೂರುತ್ತದೆ, ಇದು ಅದರ ಕೆಲಸ ಎಂದಳು ಅವಳು. ಬೋರಲಿಂಗ ಕತ್ತೆತ್ತಿದ, ಕಂಡದ್ದು ಬರಿಯ ಎಲೆ. ಗುಬ್ಬಿಯಷ್ಟಿರುವ ಮಿಂಚುಳ್ಳಿ ಗೇಣುದ್ದದ ಮೀನು ಹೊರುವುದುಂಟೇ ಎಂದು ನಕ್ಕುಬಿಟ್ಟ. ಕೇರಿಗೆ ಕೇರಿಯೇ ನಕ್ಕಿತು. ಯಜಮಾನ ನಕ್ಕ ಮೇಲೆ ನ್ಯಾಯ ಮುಗಿದಂತೆಯೇ ಅಲ್ಲವೇ? ಅವನ ಕೈಯಾರೆ ಅವಳ ಕೂಳಿ ಮರವೇರಿತು.

ಕೆಲದಿನದ ಮೇಲೆ ಅವನು ಅದೇ ಬುಡದಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ ನೆತ್ತಿಯ ಮೇಲೆಯೇ ಯಾರೋ ಗಹಗಹಿಸಿದಂತಾಯಿತು. ಕೆಂಪು ಕೊಕ್ಕಿನ ಹಕ್ಕಿಯೊಂದು ಬೇಲಿಯೊಳಗೆ ದೊಪ್ಪನೆ ಬಿದ್ದು, ಮೀನು ಕಚ್ಚಿ ಮೇಲೆದ್ದು, ಕೊಂಬೆಗೆ ಬಡಿಬಡಿದು, ದಡದ ಬಿಲದಲ್ಲಿದ್ದ ಮರಿಗಳಿಗೆ ಒಯ್ದಿತು. ಹುರುಪೆ ಯಜಮಾನನ ರುಮಾಲಿನ ಮೇಲೆ ಉದುರಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ. ಹಕ್ಕಿ ಕಾಣದ್ದಕ್ಕಲ್ಲ, ತಾನು ನಕ್ಕದ್ದಕ್ಕೆ ನಾಚಿಕೆ. ಕೇರಿಯವರನ್ನೆಲ್ಲ ಕರೆದು, ತಪ್ಪು ತನ್ನದೆಂದು ಹೇಳಿ, ಕೂಳಿ ಇಳಿಸಲು ಹಗ್ಗಕ್ಕೆ ಕೈಹಾಕಿದ. ಮಾಳವ್ವ ತಡೆದಳು.

“ಅದು ಅಲ್ಲೇ ಇರ್ಲಿ ಯಜಮಾನ್ರೇ. ಕೂಳೀನ ಇಳಿಸ್ಬೌದು. ನೀವು ನಕ್ಕಿದ್ದನ್ನ ಹ್ಯಾಗ್ ಇಳಿಸ್ತೀರಿ?”

ಬೋರಲಿಂಗ ಹಗ್ಗ ಬಿಟ್ಟ. ಮನೆಗೆ ಹೋಗಿ ತನ್ನ ಕೂಳಿ ತಂದು ಅವಳದರ ಪಕ್ಕದಲ್ಲಿ ತಲೆಕೆಳಗಾಗಿ ಕಟ್ಟಿದ. ಅಂದಿನಿಂದ ಅವನ ಮನೆಗೂ ಬೆಂಕಿಯಿಲ್ಲ, ಪಾಲಿಲ್ಲ. ಮಡುವಿಗೆ ಜೋಡಿಕೂಳಿಯೆಂಬ ಹೆಸರು ನಿಂತಿತು. ಮಾಳವ್ವ ಮಾತ್ರ ಕೇರಿಯವರು ತಂದ ಪಾಲನ್ನು ಮುಟ್ಟದೆ, ಮಳೆಗೆ ಮುಂಚೆಯೇ ಹೊಳೆ ದಾಟಿ ಹೋದವಳು ತಿರುಗಿ ಬರಲಿಲ್ಲವಂತೆ.

ಈಗಲೂ ಹೋದವರಿಗೆ ಮತ್ತಿಯ ಕೊಂಬೆಯಲ್ಲಿ ತಲೆಕೆಳಗಾದ ಕೂಳಿ ಕಾಣುತ್ತದೆ. ಹಳತಾದಂತೆಲ್ಲ ಬೋರಲಿಂಗನ ವಂಶದವರು ಹೊಸದು ಕಟ್ಟುತ್ತಾರೆ. ಹೆಸರು ಜೋಡಿಯಾದರೂ ಇರುವುದು ಒಂದೇ ಕೂಳಿ. ಮಾಳವ್ವನದು ಯಾವಾಗಲೋ ಕೊಳೆತು ನೀರಿಗೆ ಬಿತ್ತು. ಅದನ್ನು ಇನ್ನೊಮ್ಮೆ ಕಟ್ಟಿ ಅವಳ ಮೇಲೆ ಮತ್ತೆ ಕಳವು ಹೊರಿಸಲು ಆ ಮನೆಯ ಯಾರಿಗೂ ಇಂದಿಗೂ ಕೈ ಬಂದಿಲ್ಲ ಎನ್ನುತ್ತಾರೆ.