ಬರ್ತೀನಿ ಎಂದವರು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನಮ್ಮ ಬೀದಿಗೆ ಬೇರೆ ನಾಡಿನ ಸಂಸಾರವೊಂದು ಬಂದು ವರ್ಷವಾಯಿತು. ಇನ್ನೂ ನಮ್ಮೊಡನೆ ಬೆರೆತಿಲ್ಲ. ಹೊರಗಿನವರು ನಮ್ಮವರಾಗಲು ಎಷ್ಟು ಕಾಲ ಹಿಡಿಯುತ್ತದೆ ಗುರುಗಳೇ?"

"ಕಾಲದ ಲೆಕ್ಕ ನನಗೆ ತಿಳಿಯದು. ಒಂದು ಕತೆ ಗೊತ್ತು, ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಚಾಪೆ ಹೆಣೆಯುವವನೊಬ್ಬ ಹೆಂಡತಿ ಮಗಳೊಡನೆ ದೂರದ ನಾಡಿನಿಂದ ಬಂದು, ಒಂದು ಊರಿನ ಕೆರೆಯ ಪಕ್ಕ ಮನೆ ಮಾಡಿದ. ಕೆರೆಯಲ್ಲಿ ಜೊಂಡು ಬೇಕಾದಷ್ಟಿತ್ತು. ಚಾಪೆಗಳೂ ಚೆನ್ನಾಗಿಯೇ ಮಾರಿಹೋಗುತ್ತಿದ್ದವು. ಗಂಡ ಹೆಂಡತಿಗೆ ಊರಿನ ಮಾತು ಬರುತ್ತಿರಲಿಲ್ಲ. ಮಗಳು ಮಾತ್ರ ಬೀದಿಯ ಮಕ್ಕಳ ಬಾಯಿಂದ ನಾಲ್ಕು ಮಾತು ಹೆಕ್ಕಿಕೊಂಡಿದ್ದಳು.

ಒಂದು ದಿನ ಪಕ್ಕದ ಮನೆಯ ಗಾಣಿಗಿತ್ತಿ ಚಾಪೆ ಕೊಳ್ಳಲು ಬಂದವಳು ಹೊರಡುವಾಗ "ಬರ್ತೀನಮ್ಮಾ" ಎಂದಳು. ಮಗಳು ಓಡಿಹೋಗಿ, ಅವರು ಮತ್ತೆ ಬರುತ್ತಾರಂತೆ ಎಂದು ತಾಯಿಗೆ ಹೇಳಿದಳು. ತಾಯಿಗೆ ಹಿಗ್ಗೋ ಹಿಗ್ಗು. ಆ ಊರಿನಲ್ಲಿ ಅವರ ಮನೆಗೆ ಬರುತ್ತೇನೆಂದ ಮೊದಲ ಹೆಂಗಸು ಅವಳು. ತಾಯಿ ಅಡುಗೆಗೆ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದಳು. ಮಗಳು ಹೊಸ ಚಾಪೆ ಹಾಸಿ ಬಾಗಿಲಲ್ಲಿ ಕೂತಳು. ಯಾರೂ ಬರಲಿಲ್ಲ. ಮೂವರೂ ಆರಿದ ಅನ್ನ ಉಂಡರು.

ಆಮೇಲೆ ಹೂವಾಡಗಿತ್ತಿ ಬಂದು ಹಾಗೆಯೇ ಹೇಳಿ ಹೋದಳು. ಇನ್ನೊಂದು ದಿನ ಅಗಸಗಿತ್ತಿ. ಮಗಳು ಪ್ರತಿಸಲವೂ ಚಾಪೆ ಹಾಸಿದಳು. ಕೊನೆಗೆ ಅಪ್ಪನಿಗೆ ಹೇಳಿದಳು: "ಈ ಊರಿನವರೆಲ್ಲ ಸುಳ್ಳು ಹೇಳುತ್ತಾರೆ. ನಮ್ಮೂರಿಗೆ ಹೋಗಿಬಿಡೋಣ." ಅಪ್ಪನಿಗೂ ಸಾಕಾಗಿತ್ತು. ಗಂಟುಮೂಟೆ ಕಟ್ಟಿದ.

ಅದನ್ನು ಕಂಡು ಗಾಣಿಗಿತ್ತಿ ಬಂದಳು. "ಯಾಕೆ ಪುಟ್ಟಿ, ಎಲ್ಲಿಗೆ ಹೊರಟ್ರಿ?"

"ನೀನು ಬರ್ತೀನಿ ಅಂದೆ. ಬರ್ಲಿಲ್ಲ. ಅಮ್ಮ ಅನ್ನ ಮಾಡಿದ್ಲು" ಎಂದಳು ಹುಡುಗಿ.

ಗಾಣಿಗಿತ್ತಿಗೆ ನಗು ಬಂತು. ಹೊರಡುವಾಗ ನಾವೆಲ್ಲ ಆಡಿ ಮರೆಯುವ ಮಾತು ಅದು. ಹಾಗೆಂದು ಹೇಳಲು ಬಾಯಿ ತೆರೆದವಳಿಗೆ, ಮಗುವಿನ ಮುಖ ನೋಡಿ ನಾಚಿಕೆಯಾಯಿತು. ಮೂಟೆಯಿಂದ ಒಂದು ಚಾಪೆ ತಾನೇ ಎಳೆದು ಹಾಸಿ, ಕಾಲು ಮಡಿಸಿ ಕೂತಳು. "ಈಗ ಬಂದಿದ್ದೀನಿ ಕಣೇ. ಹಸಿವಾಗ್ತಿದೆ ಅಂತ ನಿಮ್ಮಮ್ಮನಿಗೆ ಹೇಳು."

ತಾಯಿ ಒಲೆ ಹೊತ್ತಿಸಿದಳು. ಪಾತ್ರೆಗಳೆಲ್ಲ ಗಂಟಿನಲ್ಲೇ ಇದ್ದವು, ಅದನ್ನೂ ಬಿಚ್ಚಬೇಕಾಯಿತು. ಅವರು ಮತ್ತೆ ಕಟ್ಟಲಿಲ್ಲ.

"ಪಾಪ, ಮಗುವಿಗೆ ನಮ್ಮ ರೂಢಿ ಗೊತ್ತಿರಲಿಲ್ಲ" ಎಂದ ಶಿಷ್ಯ.

ಗುರುಗಳು ಕೇಳಿದರು: "ನಿಮ್ಮ ಬೀದಿಯ ಆ ಮನೆಯಲ್ಲಿ ನೀನು ಯಾವತ್ತಾದರೂ ಒಂದು ತುತ್ತು ಉಂಡಿದ್ದೀಯಾ?"