ಕುರ್ಚಿಗೆ ಕಟ್ಟಿದ ಹೀಟರು

ಮಡಿಕೇರಿಯ ಒಂದು ಕಚೇರಿಯಲ್ಲಿ ಮ್ಯಾನೇಜರ್ ದೊರೆಸ್ವಾಮಿಯವರ ಹೀಟರು ದಿನವಿಡೀ ಉರಿಯುತ್ತಿತ್ತು. ಕರೆಂಟ್ ಬಿಲ್ಲು ಏರಿದ್ದರಿಂದ ಅವರು ಕಚೇರಿಯ ಎಲೆಕ್ಟ್ರಿಷಿಯನ್ನನ್ನು ಕರೆಸಿದರು.

"ನನಗೆ ಬಿಸಿ ಕಮ್ಮಿಯಾಗಬಾರದು, ಕರೆಂಟ್ ಅರ್ಧ ಆಗಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಎಷ್ಟು ಕರೆಂಟೋ ಅಷ್ಟೇ ಬಿಸಿ ಸಾರ್."

"ಪಾಠ ಬೇಡ, ಕೆಲಸ ಮಾಡು."

ಅವನು ಹೀಟರಿನ ಸ್ವಿಚ್ಚನ್ನು ಕುರ್ಚಿಯ ದಿಂಬಿನ ಕೆಳಗೆ ಕೂರಿಸಿದ. ಸಾಹೇಬರು ಕೂತರೆ ಹೀಟರು ಉರಿಯುತ್ತದೆ, ಎದ್ದರೆ ಆರುತ್ತದೆ.

ತಿಂಗಳಲ್ಲಿ ಹೀಟರಿನ ಕರೆಂಟ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಹಿಗ್ಗಿದ ಸಾಹೇಬರು ಕುರ್ಚಿಯ ವಿವರವನ್ನೂ ಸೇರಿಸಿ ಮೇಲಧಿಕಾರಿಗೆ ವರದಿ ಕಳಿಸಿದರು.

ಮರುದಿನವೇ ಫೋನ್ ಬಂತು. "ಹೀಟರು ಚೆನ್ನಾಗಿದೆ. ಉಳಿದ ಒಂಬತ್ತು ಪಾಲು ಹೊತ್ತು ನೀವು ಎಲ್ಲಿರುತ್ತೀರಿ?"

ಸಾಹೇಬರು ಎಲೆಕ್ಟ್ರಿಷಿಯನ್ನನ್ನು ಮತ್ತೆ ಕರೆಸಿ ಮೆಲ್ಲಗೆ ಹೇಳಿದರು. "ಅದನ್ನು ಮೊದಲಿನ ಹಾಗೇ ಮಾಡಿಬಿಡಪ್ಪ."

"ಮಾಡ್ತೀನಿ ಸಾರ್. ನಾಳೆ ಕೆಲಸಕ್ಕೆ ಬರಬಹುದಲ್ಲ?"