ರೆಕ್ಕೆ ಅಗಲಿಸಲು ನಾಚಿದ ವಿಮಾನ

ರೆಕ್ಕೆಗಳನ್ನು ಹಿಂದಕ್ಕೆ ಮಡಚಲೂ ಅಗಲಿಸಲೂ ಬಲ್ಲ ಯುದ್ಧವಿಮಾನವೊಂದು ಸಮುದ್ರದಲ್ಲಿದ್ದ ತನ್ನ ವಿಮಾನವಾಹಕ ಹಡಗಿಗೆ ಮರಳಿತು. ಮಡಚಿದ ರೆಕ್ಕೆಯಲ್ಲೇ ಹಡಗಿನ ಮೇಲೆ ಬಾಣದಂತೆ ಹಾದು, ಇಳಿಯಲು ಸುತ್ತು ಹಾಕತೊಡಗಿತು.

ಇಳಿಯುವ ವಿಮಾನಗಳನ್ನು ಹಿಡಿದು ನಿಲ್ಲಿಸಲೆಂದು ಡೆಕ್ಕಿನ ಅಡ್ಡಕ್ಕೆ ಬಿಗಿದಿದ್ದ ಉಕ್ಕಿನ ಹಗ್ಗ ಹೇಳಿತು: "ರೆಕ್ಕೆ ಅಗಲಿಸಿ ನಿಧಾನವಾಗಿ ಬಾ."

"ಅಗಲಿಸಿದರೆ ಸರಕು ವಿಮಾನದ ಹಾಗೆ ಕಾಣುತ್ತೇನೆ. ಕೆಳಗೆ ಎಲ್ಲರೂ ನೋಡುತ್ತಿದ್ದಾರೆ," ಎಂದಿತು ವಿಮಾನ.

"ಈ ವೇಗಕ್ಕೆ ನಾನು ತುಂಡಾಗುತ್ತೇನೆ. ನೀನು ನೀರುಪಾಲಾಗುತ್ತೀಯ. ನನ್ನ ತುಂಡು ಬಡಿದು, ನೋಡುತ್ತಿರುವವರೂ ಸಾಯುತ್ತಾರೆ."

ವಿಮಾನ ರೆಕ್ಕೆ ಅಗಲಿಸಿತು. ವೇಗ ಇಳಿಯಿತು, ಅದಕ್ಕೆ ನಾಚಿಕೆಯಾಯಿತು. ಅದರ ಬಾಲದ ಕೊಕ್ಕೆ ಹಗ್ಗಕ್ಕೆ ಸಿಕ್ಕಿತು. ಹಗ್ಗ ನರಳುತ್ತ ಎಳೆದುಕೊಂಡು, ಡೆಕ್ಕಿನ ಅಂಚಿನ ಹತ್ತಿರ ವಿಮಾನವನ್ನು ನಿಲ್ಲಿಸಿತು.

"ನಾನು ಹೇಗೆ ಕಂಡೆ?" ಎಂದು ವಿಮಾನ ಮೆಲ್ಲನೆ ಕೇಳಿತು.

"ನೋಡಲಿಲ್ಲ," ಎಂದಿತು ಹಗ್ಗ. "ಭಯಕ್ಕೆ ಕಣ್ಣು ಮುಚ್ಚಿಕೊಂಡಿದ್ದೆ."